ಏಳನೇ ಮೊಳೆಯ ಷರಾ

ಜನವರಿ 9, ಶುಕ್ರವಾರ

ಲೆಕ್ಕದ ವಿಭಾಗದ ಮುಖ್ಯಸ್ಥರಿಗೆ,

ಹೆರಿಗೆ ಆಸ್ಪತ್ರೆಯ ಹಿಂದಿನ ಕಟ್ಟಡದ ಈ ಹದಿನೈದು ದಿನದ ಇಳಿತದ ಓದು ಇದರ ಜೊತೆಗಿದೆ. ಹನ್ನೆರಡು ಕಂಬಗಳಿಗೆ ಹೊಡೆದ ಹನ್ನೆರಡು ಹಿತ್ತಾಳೆ ಮೊಳೆಗಳಲ್ಲಿ ಹನ್ನೊಂದು ಸುಮ್ಮನಿವೆ. ಏಳನೆಯದರ ಬಗ್ಗೆ ಹೇಳಬೇಕಾದದ್ದು ಷರಾ ಕಾಲಮ್ಮಿನಲ್ಲಿ ಹಿಡಿಸಲಿಲ್ಲ. ಅದಕ್ಕೆ ಹಾಳೆಯ ಬೆನ್ನಿಗೆ ಬರೆಯುತ್ತಿದ್ದೇನೆ.

ಮೂರನೇ ಮಹಡಿ ಏರಿಸಿದ ಮೇಲೆ ಏಳನೇ ಕಂಬ ಒಟ್ಟು ಎಂಟು ಮಿಲಿಮೀಟರ್ ಇಳಿದು ನಿಲ್ಲುತ್ತದೆ ಎಂದು ನಿಮ್ಮ ವರದಿ ಹೇಳುತ್ತದೆ. ಕಳೆದ ಐದು ವರದಿಗಳಲ್ಲೂ ಅದೇ ಎಂಟು. ನಿನ್ನೆ ನಾನು ಓದಿದ್ದು ಎಂಟು ಪಾಯಿಂಟ್ ಒಂಬತ್ತು. ಎಂಟಕ್ಕೆ ನಿಲ್ಲಬೇಕಾದದ್ದು ಎಂಟು ದಾಟಿ ಹೇಗೆ ಇಳಿಯಿತು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಆ ಕಂಬದ ಪಕ್ಕದ ಬಾಗಿಲು ನೆಲಕ್ಕೆ ಹತ್ತಿಕೊಳ್ಳುತ್ತಿದೆ. ಬಡಗಿ ಎರಡು ಸಲ ಕೆಳಗೆ ಹೆರೆದು ಹೋಗಿದ್ದಾನೆ.

ಇಂತಿ,
ಓದುವವಳು


ಜನವರಿ 14, ಬುಧವಾರ

ಚೂಟಿ,

ಹೆತ್ತ ಅಮ್ಮನಿಗೆ "ಮುಖ್ಯಸ್ಥರಿಗೆ" ಅಂತ ಬರೆಯುವ ಮಗಳು ಈ ಇಲಾಖೆಯಲ್ಲಿ ನೀನೊಬ್ಬಳೇ ಇರಬೇಕು. ಪಕ್ಕದ ಮೇಜಿನ ಟೈಪಿಸ್ಟ್ ಮಾಮ ನೋಡಿ ನಕ್ಕರು. ಅವರಿಗೇನು, ನಗುತ್ತಾರೆ. ಇರಲಿ, ಎರಡು ವರ್ಷದಲ್ಲಿ ಮೊದಲ ಸಲ ಹಾಳೆಯ ಬೆನ್ನಿಗಾದರೂ ನಾಲ್ಕು ಸಾಲು ಬರೆದೆಯಲ್ಲ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಸುಮ್ಮನಾಗುತ್ತೇವೆ. ಕಚೇರಿಯ ಟಪಾಲು ಚೀಲವೇ ನಮ್ಮ ಪಾಲಿಗೆ ವಾಸಿ.

ಈಗ ಕೆಲಸದ ಮಾತು. ನೀನು ಕಳಿಸುವ ಓದುಗಳು ಕಾಗದದ ಮೇಲಿನ ಚುಕ್ಕಿಗಳು. ಅವುಗಳ ನಡುವೆ ಯಂತ್ರ ಒಂದು ಬಾಗಿದ ಗೆರೆ ಎಳೆಯುತ್ತದೆ. ಪ್ರತಿ ಚುಕ್ಕಿಗೂ ಗೆರೆಗೂ ಇರುವ ಅಂತರವನ್ನು ವರ್ಗ ಮಾಡಿ ಎಲ್ಲವನ್ನೂ ಕೂಡಿದರೆ ಮೊತ್ತ ಅತಿ ಕಡಿಮೆ ಬರಬೇಕು, ಅಂಥ ಗೆರೆ. ಅದಕ್ಕೆ ಬೇಕಾದದ್ದು ಎರಡೇ ಸಂಖ್ಯೆ: ಕಂಬ ಒಟ್ಟು ಎಷ್ಟು ಇಳಿಯುತ್ತದೆ ಅನ್ನುವುದು ಒಂದು, ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನುವುದು ಇನ್ನೊಂದು. ಹೊರೆ ಬಿದ್ದ ಮಣ್ಣು ಮೊದಮೊದಲು ಚುರುಕಾಗಿ ಇಳಿಯುತ್ತದೆ, ಆಮೇಲೆ ನಿಧಾನ, ಆಮೇಲೆ ನಿಂತೇ ಬಿಡುತ್ತದೆ. ಹತ್ತೊಂಬತ್ತು ವರ್ಷದಿಂದ ಆ ಗೆರೆ ಎಳೆಯುತ್ತಿದ್ದೇನೆ.

ಆದ್ದರಿಂದ ತಪ್ಪು ನಿನ್ನ ಓದಿನಲ್ಲಿ. ಅಳತೆ ಕೋಲಿನ ಬುಡಕ್ಕೆ ಮಣ್ಣು ಮೆತ್ತಿದೆಯೋ ಏನೋ, ಉಜ್ಜಿ ನೋಡು. ಗೇಟಿನ ಹತ್ತಿರದ ಮೂಲ ಗುರುತೇ ಅಲುಗಿರಬಹುದು. ನೀನು ಚಿಕ್ಕವಳಿದ್ದಾಗಲೂ ಸ್ಕೇಲನ್ನು ಒಂದರಿಂದ ಇಟ್ಟು ಅಳೆಯುತ್ತಿದ್ದೆ.

ಅಕ್ಷರ ಸೊಟ್ಟಗಿದೆ ಅಂತ ಮೂಗು ಮುರಿಯಬೇಡ, ಹೊಸ ಪೆನ್ನು. ಹೊತ್ತಿಗೆ ಸರಿಯಾಗಿ ಉಣ್ಣು. ಮೇ ಕೊನೆಗೆ ನನಗೆ ನಿವೃತ್ತಿ. ಸಾಕಾಗಿದೆ ಕಣೇ.

ನಿನ್ನ ಅಮ್ಮ


ಜನವರಿ 23, ಶುಕ್ರವಾರ

ಅಮ್ಮನಿಗೆ,

ಕೋಲಿನ ಬುಡ ಉಜ್ಜಿದೆ. ಬೇರೆ ಉಪಕರಣ ತರಿಸಿದೆ. ಗೇಟಿನ ಗುರುತನ್ನು ಬಿಟ್ಟು, ರಸ್ತೆಯಾಚೆ ಬಂಡೆಗೆ ಕೊರೆದಿರುವ ಹಳೇ ಗುರುತಿನಿಂದ ಶುರು ಮಾಡಿ ಇಡೀ ಸುತ್ತು ಹೊಸದಾಗಿ ಓದಿದೆ. ಪಕ್ಕದ ಸೈಟಿನವರನ್ನು ಕರೆದು ಅವರ ಕೈಯಲ್ಲೂ ಓದಿಸಿದೆ. ನಾನು ಸ್ಕೇಲನ್ನು ಸೊನ್ನೆಯಿಂದ ಇಡಲು ಕಲಿತು ಇಪ್ಪತ್ತೈದು ವರ್ಷವಾಯಿತು.

ಹತ್ತು ಪಾಯಿಂಟ್ ಒಂಬತ್ತು.

ಒಂದೊಂದು ಹದಿನೈದು ದಿನಕ್ಕೆ ಎಷ್ಟೆಷ್ಟು ಇಳಿದಿದೆ ಎಂದು ಬರೆಯುತ್ತೇನೆ, ಯಂತ್ರಕ್ಕೆ ಕೊಡದೆ ನೀನೇ ಓದು. ಸೊನ್ನೆ ಪಾಯಿಂಟ್ ಒಂಬತ್ತು. ಒಂದು. ಒಂದು ಪಾಯಿಂಟ್ ಎರಡು. ಒಂದು ಪಾಯಿಂಟ್ ನಾಲ್ಕು. ಒಂದು ಪಾಯಿಂಟ್ ಏಳು. ಈಗ ಎರಡು. ಇದರಲ್ಲಿ ತಣ್ಣಗಾಗುವುದು ಎಲ್ಲಿದೆ?

ಇಲ್ಲಿನ ಎಂಜಿನಿಯರಿಗೆ ಹೇಳಿದರೆ, "ನೀವು ಓದೋರು, ಓದಿ. ನಿಲ್ಲುತ್ತೆ ಅಂತ ಲೆಕ್ಕದ ವಿಭಾಗ ಸಹಿ ಹಾಕಿದೆ. ಅವರು ನಿಲ್ಲಲ್ಲ ಅಂತ ಬರೆದ ದಿನ ನಾನು ವಾರ್ಡ್ ಖಾಲಿ ಮಾಡಿಸ್ತೀನಿ" ಅಂದರು. ದೊಡ್ಡ ನರ್ಸಮ್ಮ ನನ್ನನ್ನು ಕಂಡಾಗಲೆಲ್ಲ ಕೇಳುತ್ತಾರೆ, "ಏನಮ್ಮ, ನಮ್ಮ ಕಂಬಕ್ಕೆ ಸುಸ್ತು ಕಡಿಮೆ ಆಯ್ತಾ?" ಅವರ ವಾರ್ಡಿನಲ್ಲಿ ಹತ್ತೊಂಬತ್ತು ಹಾಸಿಗೆ. ಎಲ್ಲವೂ ತುಂಬಿವೆ. ಬಡಗಿ ಮೂರನೇ ಸಲ ಬಂದು ಬಾಗಿಲು ಹೆರೆದ. "ಈಗ ಸಲೀಸಾಗಿ ಆಡುತ್ತೆ ನೋಡಿ" ಅಂತ ತೆಗೆದು ಹಾಕಿ ತೋರಿಸಿದ. ಕೆಳಗೆ ಒಂದು ರಟ್ಟು ತೂರುವಷ್ಟು ಸಂದು ಬಿಟ್ಟು ಹೆರೆದಿದ್ದ, ಹತ್ತೇ ದಿನಕ್ಕೆ ಅದು ಮುಕ್ಕಾಲು ಮುಚ್ಚಿದೆ.

ಒಂದು ಪ್ರಶ್ನೆ. ಕಂಬ ಇಳಿಯುವುದು ಜೋರಾಗುತ್ತಿದ್ದರೆ ನಿನ್ನ ಯಂತ್ರ ಏನು ಹೇಳುತ್ತದೆ? "ಜೋರಾಗುತ್ತಿದೆ" ಅನ್ನುವ ಉತ್ತರ ಅದಕ್ಕೆ ಬರುತ್ತದೆಯೇ?

ನಿನ್ನ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿದಿದೆ. ಪೆನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಓದುವವಳು


ಜನವರಿ 30, ಶುಕ್ರವಾರ

ಚೂಟಿ,

ನಿನ್ನ ಪ್ರಶ್ನೆಗೆ ಉತ್ತರ: ಬರುವುದಿಲ್ಲ.

ಅದು ನನಗೆ ಗೊತ್ತಿತ್ತು, ಮರೆತಿದ್ದೆ. ಎಷ್ಟೋ ವರ್ಷದ ಮೇಲೆ ನನ್ನದೇ ಪ್ರೋಗ್ರಾಮನ್ನು ತೆಗೆದು ಸಾಲು ಸಾಲಾಗಿ ಓದಿದೆ. ನಲವತ್ತೊಂದನೇ ಸಾಲಿನಲ್ಲಿ ನನ್ನ ಕೈವಾಡ ಹಾಗೇ ಇದೆ.

ನೀನಾಗ ಆರನೇ ಕ್ಲಾಸು. ನಾನು ಈ ಕೆಲಸಕ್ಕೆ ಹೊಸಬಳು. ಒಂದು ನೀರಿನ ತೊಟ್ಟಿಯ ನಾಲ್ಕೇ ನಾಲ್ಕು ಓದು ಬಂದಿದ್ದವು, ಅವೂ ಗಾಳಿಯಲ್ಲಿ ಓದಿದ್ದು, ಏರುಪೇರು. ಯಂತ್ರ ಎರಡನೇ ಸಂಖ್ಯೆಯನ್ನು ಋಣ ಚಿಹ್ನೆ ಹಾಕಿ ಕೊಟ್ಟಿತು. ಆ ಸಂಖ್ಯೆ ಋಣವಾದರೆ ಗೆರೆ ಮಟ್ಟಸವಾಗುವ ಬದಲು ಹೋಗುತ್ತಾ ಹೋಗುತ್ತಾ ಕಡಿದಾಗುತ್ತದೆ. ತೊಟ್ಟಿ ಪಾತಾಳಕ್ಕೆ ಹೋಗುತ್ತದೆ ಅನ್ನುವ ಲೆಕ್ಕ. ನಾನು ನೋಡದೆ ಹಾಗೇ ಕಳಿಸಿದೆ. ಆಗಿನ್ನೂ ಸಣ್ಣ ಎಂಜಿನಿಯರ್ ಆಗಿದ್ದ ಈಗಿನ ಗಂಟಲು ಸಾಹೇಬರು (ಮಾತಿಗೆ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ, ಅದಕ್ಕೆ ಆ ಹೆಸರು) ಅದನ್ನು ತುಂಬಿದ ಸಭೆಯಲ್ಲಿ ಓದಿದರು. ಎಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ತೊಟ್ಟಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ, ಅದು ಬೇರೆ ಮಾತು.

ಮಾರನೇ ದಿನವೇ ಯಂತ್ರದ ಬಾಯಿ ಕಟ್ಟಿದೆ. ಅದು ಯಾವ ಸಂಖ್ಯೆ ಹಿಡಿದರೂ ಅದರ ವರ್ಗವನ್ನೇ ಸೂತ್ರಕ್ಕೆ ಕೊಡಬೇಕು ಅಂತ ಬರೆದೆ. ಯಾವುದನ್ನು ವರ್ಗ ಮಾಡಿದರೂ ಋಣ ಬರುವುದಿಲ್ಲವಲ್ಲ. ನಿಮ್ಮಪ್ಪ ತಮ್ಮ ಗಡಿಯಾರ ರಿಪೇರಿ ಮಾಡುತ್ತಲೇ ಕೇಳಿಸಿಕೊಂಡು, "ಅಂದ್ರೆ ಇನ್ಮೇಲೆ ಅದು ಒಳ್ಳೇ ಸುದ್ದಿ ಮಾತ್ರ ಹೇಳುತ್ತೆ ಅನ್ನು" ಅಂದಿದ್ದರು. ಮೆಚ್ಚಿದರು ಅಂದುಕೊಂಡಿದ್ದೆ.

ಹಾಗೆ ಕಟ್ಟಿಹಾಕಿದ ಮೇಲೆ, ನಿಜವಾಗಿಯೂ ಜೋರಾಗಿ ಇಳಿಯುವ ಕಂಬದ ಓದು ಬಂದರೆ ಯಂತ್ರ ಪಾಪ ಏನು ಮಾಡೀತು? ಋಣದ ಕಡೆಗೆ ಹೋಗಲು ಬಿಡುವುದಿಲ್ಲ, ಸೊನ್ನೆಗೆ ಬಂದು ಗೋಡೆಗೆ ಮೂಗು ತಾಗಿಸಿ ನಿಲ್ಲುತ್ತದೆ. ಆಗ ಗೆರೆ ಬಾಗದೆ ನೆಟ್ಟಗಾಗಿ, ಒಟ್ಟು ಇಳಿತ ಲಕ್ಷಗಟ್ಟಲೆ ಮಿಲಿಮೀಟರ್ ಅಂತ ಬರುತ್ತದೆ. ಅಷ್ಟು ಅಂಕಿ ಕಾಲಮ್ಮಿನಲ್ಲಿ ಹಿಡಿಸದೆ ಅಂಕಿಯ ಜಾಗದಲ್ಲಿ ಬರೀ ನಕ್ಷತ್ರದ ಗುರುತು ಅಚ್ಚಾಗುತ್ತದೆ. ಟೈಪಿಸ್ಟ್ ಮಾಮನನ್ನು ಕೇಳಿದೆ, "ನಕ್ಷತ್ರ ಬಂದಾಗ ಏನು ಮಾಡ್ತೀರಿ?" "ನೀವೇ ಹೇಳಿದ್ರಲ್ಲಮ್ಮ, ನಕ್ಷತ್ರ ಬಂದ್ರೆ ಹಿಂದಿನ ಸಲದ ಅಂಕಿ ಹಾಕಿ ಅಂತ. ಹಾಗೇ ಮಾಡ್ತಿದೀನಿ." ಹೇಳಿದ್ದೆ. ಮೂರನೇ ವರ್ಷವೋ ನಾಲ್ಕನೇ ವರ್ಷವೋ, ಕೆಲಸದ ಗಡಿಬಿಡಿಯಲ್ಲಿ. ನಿನ್ನ ಐದು ಎಂಟುಗಳು ಬಂದದ್ದು ಅಲ್ಲಿಂದ.

ಸಾಹೇಬರ ಕಿವಿಗೆ ಸುಮ್ಮನೆ ಹಾಕಿ ನೋಡಿದೆ. ಗಂಟಲು ಸರಿಮಾಡಿಕೊಂಡು, "ಮೇಡಂ, ಒಂದು ಕಂಬಕ್ಕೋಸ್ಕರ ಹತ್ತೊಂಬತ್ತು ವರ್ಷದ ವರದಿ ಬಿಚ್ಚಬೇಕಾಗುತ್ತೆ. ಎಲ್ಲದರ ಮೇಲೂ ನಿಮ್ಮದೇ ಸಹಿ. ಇನ್ನು ನಾಲ್ಕು ತಿಂಗಳು, ಹಾರ ಹಾಕಿಸ್ಕೊಂಡು ಹೋಗಿ" ಅಂದರು. ಅವರು ಕೆಟ್ಟವರಲ್ಲ. ಅವರಿಗೂ ಸಾಕಾಗಿದೆ.

ಇನ್ನೊಂದು ಓದು ನೋಡೋಣ ಚೂಟಿ. ಒಂದೇ ಒಂದು. ತಾನಾಗಿಯೇ ನಿಧಾನವಾದರೂ ಆಗಬಹುದು.

ಅಕ್ಷರದ ಚಿಂತೆ ಬಿಡು. ಕಣ್ಣು ಸ್ವಲ್ಪ ಮಂಜಾಗಿತ್ತು, ಈಗ ಮೊದಲಿಗಿಂತ ಮೇಲು.

ಅಮ್ಮ


ಫೆಬ್ರವರಿ 6, ಶುಕ್ರವಾರ

ಅಮ್ಮ,

ಹದಿಮೂರು ಪಾಯಿಂಟ್ ಮೂರು. ಈ ಸಲ ಎರಡು ಪಾಯಿಂಟ್ ನಾಲ್ಕು. ನೋಡಿದೆಯಲ್ಲ ಇನ್ನೊಂದು ಓದು?

ಕಂಬದಿಂದ ಕಿಟಕಿಯವರೆಗೆ ಗೋಡೆ ಓರೆಯಾಗಿ ಬಿರುಕು ಬಿಟ್ಟಿದೆ, ನನ್ನ ಪೆನ್ಸಿಲ್ಲಿನ ಸೀಸ ಒಳಗೆ ಹೋಗುತ್ತದೆ. ಹದಿಮೂರನೇ ಹಾಸಿಗೆಯ ಹೆಂಗಸು ಆ ಬಿರುಕಿನ ಕೆಳಗೆ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ನನ್ನ ಉಪಕರಣ ನೋಡಿ, "ಫೋಟೋ ತೆಗೀತೀರಾ ಅಕ್ಕ?" ಅಂತ ಕೇಳಿದಳು. ನರ್ಸಮ್ಮ ನನ್ನ ಮುಖ ನೋಡಿ, ಕೇಳದೆ ಆ ಸಾಲಿನ ಐದು ಹಾಸಿಗೆಗಳನ್ನು ಆಚೆ ಗೋಡೆಗೆ ಎಳೆಸಿದರು. ಅವರಿಂದ ಆದದ್ದು ಅಷ್ಟು.

"ಇನ್ನೊಂದು ನೋಡೋಣ", "ಮೊದಲಿಗಿಂತ ಮೇಲು." ಈ ಎರಡು ಮಾತನ್ನು ನಿನ್ನ ಅಕ್ಷರದಲ್ಲಿ ನಾನು ಮತ್ತೆ ಓದಬೇಕಾಯಿತು. ಅಪ್ಪನ ಕಾಯಿಲೆಯಲ್ಲಿ ನಾನು ನದಿ ಅಳತೆಯ ಕ್ಯಾಂಪಿನಲ್ಲಿದ್ದಾಗ ನೀನು ಹನ್ನೊಂದು ಪತ್ರ ಬರೆದೆ. ಹನ್ನೊಂದರಲ್ಲೂ "ಅಪ್ಪ ಸ್ವಲ್ಪ ಮೇಲು". ಒಂದರಲ್ಲಿ ಗಂಜಿ ಕುಡಿದರು, ಒಂದರಲ್ಲಿ ಎದ್ದು ಕೂತರು, ಒಂದರಲ್ಲಿ ನಕ್ಕರು. ನಾನು ಆ ಪತ್ರಗಳನ್ನು ಸಾಲಾಗಿ ಜೋಡಿಸಿ, ಅಪ್ಪ ಹುಷಾರಾಗುತ್ತಿದ್ದಾರೆ ಅಂತ ಲೆಕ್ಕ ಹಾಕಿ, ಕೆಲಸ ಮುಗಿಸಿಕೊಂಡೇ ಹೋಗೋಣ ಅಂತ ಕೂತೆ. ಮನೆಗೆ ಬಂದಾಗ ಎಲ್ಲ ಮುಗಿದು ಎರಡು ದಿನವಾಗಿತ್ತು. ಅವರ ಕನ್ನಡಕ ಮೇಜಿನ ಮೇಲಿತ್ತು.

ನಾನು ಆ ಸಿಟ್ಟನ್ನು ಹೊಟ್ಟೆಗೆ ಹಾಕಿಕೊಂಡಿದ್ದೆ, ಹಾಕಿಕೊಂಡೇ ಇರುತ್ತಿದ್ದೆ. ಆದರೆ ಈ ಸಲ ಹತ್ತೊಂಬತ್ತು ಹಾಸಿಗೆ ಇವೆ ಅಮ್ಮ. ತಿಪ್ಪೆ ಸಾರಿಸಬೇಡ. ನಿಲ್ಲುವುದಿಲ್ಲ ಅಂತ ಬರೆದು ಸಹಿ ಹಾಕು.

ಇದನ್ನು ಜೀಪಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಓದುವವಳು


ಫೆಬ್ರವರಿ 11, ಬುಧವಾರ

ಚೂಟಿ,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದದ್ದು ಸರಿಯೇ.

ಸೋಮವಾರ ನಲವತ್ತೊಂದನೇ ಸಾಲು ಅಳಿಸಿದೆ. ವರ್ಗ ಗಿರ್ಗ ಏನೂ ಬೇಡ, ಯಾವ ಚಿಹ್ನೆ ಬೇಕೋ ಅದನ್ನೇ ಹಿಡಿ ಅಂತ ಯಂತ್ರವನ್ನು ಬಿಟ್ಟೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಎರಡನೇ ಸಂಖ್ಯೆ ಋಣ. ಗೆರೆ ನಿನ್ನ ಚುಕ್ಕಿಗಳ ಮೇಲೆ ಹೇಗೆ ಕೂತಿತೆಂದರೆ ಒಂದು ಚುಕ್ಕಿಯೂ ಆಚೀಚೆ ಇಲ್ಲ. ನಿನ್ನ ಓದು ಅಷ್ಟು ಶುದ್ಧ. ಇಳಿಯುವ ವೇಗ ಎರಡು ತಿಂಗಳಿಗೊಮ್ಮೆ ಇಮ್ಮಡಿಯಾಗುತ್ತಿದೆ.

ವರದಿಯನ್ನು ನಾನೇ ಟೈಪ್ ಮಾಡಿದೆ. "ಏಳನೇ ಕಂಬ ನಿಲ್ಲುವುದಿಲ್ಲ. ಕಟ್ಟಡ ಖಾಲಿ ಮಾಡಿಸತಕ್ಕದ್ದು. ಹಿಂದಿನ ಐದು ವರದಿಗಳ ಅಂಕಿ ತಪ್ಪು, ತಪ್ಪು ನನ್ನದು." ಸಾಹೇಬರು ಓದಿ ಗಂಟಲು ಸರಿಮಾಡಿಕೊಳ್ಳುವುದನ್ನೇ ಮರೆತರು. "ಕೊನೇ ವಾಕ್ಯ ತೆಗೀಬಹುದಲ್ವಾ ಮೇಡಂ?" ಅಂದರು. "ಅದು ತೆಗೆದ್ರೆ ಮೊದಲಿನೆರಡನ್ನು ಯಾರೂ ನಂಬಲ್ಲ ಸರ್" ಅಂದೆ. ಪೆನ್ನು ತೆಗೆದು ಅವರೂ ಸಹಿ ಹಾಕಿದರು. ಮಧ್ಯಾಹ್ನವೇ ಪ್ರತಿ ಕೊಟ್ಟು ಜೀಪ್ ಕಳಿಸಿದ್ದೇವೆ.

ಬೇರೆ ವಿಷಯಕ್ಕೆ ಉತ್ತರ ಬರೆಯಲು ಕೂತೆ, ಆಗಲಿಲ್ಲ.

ಅಮ್ಮ


ಫೆಬ್ರವರಿ 20, ಶುಕ್ರವಾರ

ಅಮ್ಮ,

ವಾರ್ಡ್ ಖಾಲಿಯಾಯಿತು. ವರದಿ ಬಂದ ಮಾರನೇ ದಿನ ಮಧ್ಯಾಹ್ನದೊಳಗೆ ಎಲ್ಲರನ್ನೂ ಮುಂದಿನ ಕಟ್ಟಡದ ವರಾಂಡಕ್ಕೆ ಸಾಗಿಸಿದರು. ಇಲ್ಲಿನ ಎಂಜಿನಿಯರು ಹೇಳಿದ ಮಾತಿಗೆ ನಿಂತರು, ಒಂದು ಕೈಯಲ್ಲಿ ನಿನ್ನ ವರದಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತಾವೇ ಮಂಚ ತಳ್ಳಿದರು. ಹದಿಮೂರನೇ ಹಾಸಿಗೆಯವಳ ಮಗುವನ್ನು ನಾನು ಎತ್ತಿಕೊಂಡು ಹೋದೆ. ಅಳತೆ ಕೋಲಿಗಿಂತ ಹಗುರ, ಆದರೆ ಹಿಡಿದುಕೊಳ್ಳುವುದು ಕಷ್ಟ.

ನಾಲ್ಕನೇ ದಿನ ಬೆಳಿಗ್ಗೆ ಆ ಬಾಗಿಲಿನ ಮೇಲಿನ ತೊಲೆ ಒಂದು ಗೇಣು ಜಾರಿ ಗಾರೆ ಸಮೇತ ಕೆಳಗೆ ಬಿತ್ತು. ಹದಿಮೂರನೇ ಹಾಸಿಗೆಯ ಜಾಗಕ್ಕೇ. ಅಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಕಂಬದ ಬುಡ ಅಗೆದರೆ ಹಳೇ ಕೊಳಾಯಿ ಪೈಪು ಒಡೆದು ಮಣ್ಣನ್ನೆಲ್ಲ ತಿಂಗಳುಗಟ್ಟಲೆ ತೊಳೆದುಕೊಂಡು ಹೋಗಿತ್ತು. ಅಡಿಪಾಯದ ಕೆಳಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತಿತ್ತು. ನರ್ಸಮ್ಮ ಬಂದು ಇಣುಕಿ ನೋಡಿ ನನ್ನ ಬೆನ್ನ ಮೇಲೊಂದು ಗುದ್ದು ಕೊಟ್ಟು, "ನಿಮ್ಮ ಆಫೀಸಲ್ಲಿ ಯಾರೋ ಗಟ್ಟಿಗಿತ್ತಿ ಇದಾರಮ್ಮ" ಅಂದರು. ನಮ್ಮಮ್ಮ ಅಂತ ಹೇಳಿದೆ.

ಹೋದ ಪತ್ರದಲ್ಲಿ ನಾನು ಬರೆದದ್ದು ನಿಜ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ಬರೆದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ.

ಚೂಟಿ


ಮಾರ್ಚ್ 3, ಮಂಗಳವಾರ

ಚೂಟಿ,

ಟೈಪಿಸ್ಟ್ ಮಾಮ ಮತ್ತು ನಾನು ಹಳೇ ಕಡತಗಳ ಧೂಳು ಕುಡಿಯುತ್ತಾ ನಕ್ಷತ್ರಗಳನ್ನು ಹುಡುಕುತ್ತಿದ್ದೇವೆ. ಇಲ್ಲಿಯವರೆಗೆ ಆರು ಸಿಕ್ಕಿವೆ. ನಾಲ್ಕು ಕಟ್ಟಡ ಚೆನ್ನಾಗಿ ನಿಂತಿವೆ, ಎರಡಕ್ಕೆ ಓದುವವರನ್ನು ಕಳಿಸಿದ್ದೇವೆ. ನಿವೃತ್ತಿಯ ಹಾರದ ಸುದ್ದಿ ಯಾರೂ ಎತ್ತುತ್ತಿಲ್ಲ. ನನಗೂ ಅದು ಬೇಡ.

ನಿಮ್ಮಪ್ಪನ ಗಡಿಯಾರ ರಿಪೇರಿ ಲೆಕ್ಕದ ಪುಸ್ತಕ ನಿನಗೆ ನೆನಪಿದೆಯಾ? ಅದರ ಹಿಂದಿನ ಪುಟಗಳಲ್ಲಿ ನಾನು ಅವರ ತೂಕ ಬರೆದಿಟ್ಟಿದ್ದೆ, ವಾರಕ್ಕೊಮ್ಮೆ. ಅರವತ್ತೊಂದು. ಅರವತ್ತೂವರೆ. ಐವತ್ತೊಂಬತ್ತೂವರೆ. ಐವತ್ತೆಂಟು. ಐವತ್ತಾರು. ಐವತ್ತಮೂರು. ಆಮೇಲೆ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲು ಆಗಲಿಲ್ಲ, ತೂಗುವುದನ್ನೇ ಬಿಟ್ಟೆ. ಲೆಕ್ಕದ ವಿಭಾಗದ ಮುಖ್ಯಸ್ಥೆಗೆ ಈ ಗೆರೆ ಎತ್ತ ಹೋಗುತ್ತದೆ ಅಂತ ಗೊತ್ತಾಗಲಿಲ್ಲ ಅಂದರೆ ಯಾರು ನಂಬುತ್ತಾರೆ? ಗೊತ್ತಿತ್ತು. ಅವರು ದಿನಾ ಕೇಳುತ್ತಿದ್ದರು, "ಅವಳಿಗೆ ಬರೆದ್ಯಾ?" ಬರೆದೆ ಅನ್ನುತ್ತಿದ್ದೆ. ಏನು ಬರೆದೆ ಅಂತ ಅವರು ಕೇಳಲಿಲ್ಲ. ಮೇಲು ಅಂತ ಬರೆದರೆ ಮೇಲಾಗುತ್ತದೆ ಅಂತ ನನಗೆ ಅನ್ನಿಸುತ್ತಿತ್ತು ಕಣೇ, ದಡ್ಡಿಯ ಹಾಗೆ. ಕೆಳಗೆ ಅಂತ ಬರೆದರೆ ನಾನೇ ತಳ್ಳಿದ ಹಾಗೆ. ನಿನಗೆ ಅವರ ಕೊನೆಯ ದಿನಗಳು ಸಿಗದ ಹಾಗೆ ಮಾಡಿದವಳು ನಾನು. ಅವರಿಗೂ ನೀನು ಸಿಗಲಿಲ್ಲ. ಕ್ಷಮಿಸು ಅಂತ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಈಗ ನನ್ನದೊಂದು ಓದು. ಪೆನ್ನು ಹೊಸದಲ್ಲ, ಹಳೆಯದೇ. ಬಲಗಣ್ಣಿನ ನಟ್ಟನಡುವೆ ಒಂದು ಮಸುಕು ಬಂದಿದೆ. ಕಣ್ಣಿನ ಡಾಕ್ಟರು ಒಂದು ಚೌಕುಳಿ ಕಾಗದ ಕೊಟ್ಟು, ವಾರಕ್ಕೊಮ್ಮೆ ಎಡಗಣ್ಣು ಮುಚ್ಚಿಕೊಂಡು ನೋಡಿ, ಎಷ್ಟು ಮನೆ ಕಾಣಿಸುವುದಿಲ್ಲ ಅಂತ ಎಣಿಸಿ ಬರೆಯಿರಿ ಅಂದರು. ಅಂಚಿನ ಗೆರೆಗಳು ನೆಟ್ಟಗಿಲ್ಲ, ಬಾಗಿವೆ. ನಾಲ್ಕು ವಾರದ ಲೆಕ್ಕ: ನಾಲ್ಕು, ಐದು, ಏಳು, ಹತ್ತು.

ಮೇಲಿಲ್ಲ. ಕಣ್ಣಿಗೆ ಸೂಜಿ ಚುಚ್ಚಿ ಔಷಧಿ ಹಾಕಬೇಕಂತೆ, ತಡ ಮಾಡಬಾರದಂತೆ. ಹನ್ನೊಂದನೇ ತಾರೀಕು ಬರಹೇಳಿದ್ದಾರೆ, ಜೊತೆಗೆ ಒಬ್ಬರು ಇರಬೇಕಂತೆ. ಟೈಪಿಸ್ಟ್ ಮಾಮ ಬರುತ್ತೇನೆ ಅಂದರು. ನನಗೆ ಅವರು ಬೇಡ. ನನಗೆ ಹೆದರಿಕೆ ಆಗುತ್ತಿದೆ.

ನಿನ್ನ ಅಮ್ಮ


ಮಾರ್ಚ್ 6, ಶುಕ್ರವಾರ

ಓದಿನ ಹಾಳೆ: ಹೆರಿಗೆ ಆಸ್ಪತ್ರೆ, ಹಿಂದಿನ ಕಟ್ಟಡ

ಮೊಳೆ ಒಂದರಿಂದ ಹನ್ನೆರಡು: ಈ ಸಲ ಪಕ್ಕದ ಸೈಟಿನವರು ಓದಿ ಕಳಿಸುತ್ತಾರೆ.

ಷರಾ: ಓದುವವಳು ರಜೆ. ಸೋಮವಾರ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ಮನೆಗೆ. ನಾಲ್ಕು, ಐದು, ಏಳು, ಹತ್ತು ಓದಿದೆ ಅಮ್ಮ. ಮುಂದಿನ ಸಲ ನೀನು ನೋಡಿ ತೋರಿಸು, ನಾನೇ ಎಣಿಸುತ್ತೇನೆ.

ಕಾಲಮ್ಮಿನಲ್ಲಿ ಇಷ್ಟು ಹಿಡಿಸಿತು.

ಚೂಟಿ